ಮೈಕಿನ ಪರಿವಾರ

ಮಂಡ್ಯದ ಸೀಮೆಯಲ್ಲಿ ‘ಮೈಕು’ ಎಂಬ ಮಾತಿಗೆ ಬಹುಕಾಲದಿಂದ ಒಂದು ವಿಚಿತ್ರವಾದ ಅರ್ಥವಿಪರ್ಯಾಸವು ನಡೆದುಬಂದಿದೆ. ಊರಹಬ್ಬದ ದಿನ ಬೆಳಗಿನ ಜಾವಕ್ಕೇ ಅರಳಿಮರದ ಕೊಂಬೆಗೆ ಕಟ್ಟಿದ ಹಾರನ್ನಿನಿಂದ ಭಕ್ತಿಗೀತೆ ಹೊರಟಿತೆಂದರೆ ಜನ ‘ಮೈಕು ಹಾಕವ್ರೆ’ ಎನ್ನುತ್ತಾರೆ. ಅವರ ಕಿವಿಗೆ ಬೀಳುತ್ತಿರುವುದು ಧ್ವನಿವರ್ಧಕ. ಮೈಕೆಂಬ ನಿಜವಾದ ಧ್ವನಿಗ್ರಾಹಿಯು ಶಾಮಿಯಾನದ ಒಂದು ಮೂಲೆಯಲ್ಲಿ, ಯಾರ ಗಮನಕ್ಕೂ ಬಾರದೆ, ಕರವಸ್ತ್ರವನ್ನು ಸುತ್ತಿಕೊಂಡು ಮಲಗಿರುತ್ತದೆ. ಮಾತನ್ನು ಹಿಡಿಯುವ ಸಾಧನದ ಹೆಸರು ಮಾತನ್ನು ಎರಚುವ ಸಾಧನಕ್ಕೆ ಅಂಟಿಕೊಂಡದ್ದು ಕೇವಲ ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ಒಬ್ಬನ ಮಾತು ಸಾವಿರ ಜನಕ್ಕೆ ಮುಟ್ಟಬೇಕೆಂಬ ಒಂದೇ ಉದ್ದೇಶದಿಂದ ನಮ್ಮಲ್ಲಿಗೆ ಬಂದ ಆ ಉಪಕರಣವನ್ನು ಅದರ ಗದ್ದಲದಿಂದಲೇ ನಾವು ಗುರುತಿಸಿದೆವು.

ಪಾಡ್‌ಕಾಸ್ಟ್ ಎಂಬುದು ಇದಕ್ಕೆ ಸಂಪೂರ್ಣವಾಗಿ ತಿರುವುಮುರುವಾದ ವ್ಯವಹಾರ. 2004ರಲ್ಲಿ ಇಂಗ್ಲೆಂಡಿನ ‘ಗಾರ್ಡಿಯನ್’ ಪತ್ರಿಕೆಯ ಲೇಖನವೊಂದರಲ್ಲಿ ಬೆನ್ ಹ್ಯಾಮರ್‌ಸ್ಲೇ ಎಂಬ ಲೇಖಕನು ಹೀಗೊಂದು ಹೆಸರಾಗಬಹುದೇ ಎಂದು ಸೂಚಿಸಿದ ಈ ಮಾಧ್ಯಮದಲ್ಲಿ ಸಭೆಯಿಲ್ಲ, ಶಾಮಿಯಾನವಿಲ್ಲ, ಕೇಳುವವನು ಒಬ್ಬನೇ. ಅವನು ಮಂಡ್ಯದಿಂದ ಬೆಂಗಳೂರಿಗೆ ಹೊರಟ ಬಸ್ಸಿನ ಕಿಟಕಿಯ ಪಕ್ಕ ಕುಳಿತು, ಎರಡು ಕಿವಿಗೂ ಇಯರ್‌ಫೋನು ಸಿಕ್ಕಿಸಿಕೊಂಡು, ಮಾತನಾಡುವವನ ಬಾಯಿಗೆ ತನ್ನ ಕಿವಿಯನ್ನೇ ಆನಿಸಿದಂತೆ ಆಲಿಸುತ್ತಿರುತ್ತಾನೆ. ಹಬ್ಬದ ಮೈದಾನದಲ್ಲಿ ಗಾಳಿಗೆ ಕೊಚ್ಚಿಹೋಗುತ್ತಿದ್ದ ದೋಷಗಳೆಲ್ಲ, ಎಂದರೆ ಉಸಿರಿನ ರಭಸ, ಮೇಜಿನ ಕಂಪ, ಗೋಡೆಯ ಮಾರ್ದನಿ, ವಿದ್ಯುತ್ತಿನ ಗುಂಯ್‌ಕಾರ, ಇಲ್ಲಿ ನೇರವಾಗಿ ಅವನ ತಲೆಯೊಳಗೆ ಹೋಗಿ ಕುಳಿತುಬಿಡುತ್ತವೆ. ಮೈಕ್ ಸೆಟ್ಟಿನವರು ಗಾಯಕರನ್ನು ಮೆಚ್ಚಿಸಲು ಕೈಯಾರೆ ಬೆರೆಸುತ್ತಿದ್ದ ‘ಎಕೋ’ ಎಂಬ ಅಲಂಕಾರವು ಇಲ್ಲಿ ವ್ಯಾಧಿಯೆನಿಸುತ್ತದೆ.

ಕಾಲೇಜಿನಲ್ಲಿ ಭೌತವಿಜ್ಞಾನದ ಮೇಷ್ಟ್ರಾಗಿದ್ದು ನಿವೃತ್ತನಾದ ನನ್ನನ್ನು ಹೋದ ವರ್ಷ ಮೂರು ಮನೆಗಳವರು, ಮಂಡ್ಯದಲ್ಲಿ ಒಬ್ಬರು, ಮದ್ದೂರಿನಲ್ಲಿ ಒಬ್ಬರು, ಮಳವಳ್ಳಿಯಲ್ಲಿ ಒಬ್ಬರು, ಈ ಸಂಬಂಧವಾಗಿ ಕರೆಸಿಕೊಂಡರು. ಮೂರೂ ಕಡೆ ಮೈಕನ್ನು ಆಗಲೇ ಕೊಂಡಾಗಿತ್ತು. ‘ಇನ್ನೇನೇನು ತಕ್ಕೋಬೇಕು ಸಾ?’ ಎಂಬುದೊಂದೇ ಪ್ರಶ್ನೆ ಉಳಿದಿತ್ತು. ಮೈಕಿನ ಸುತ್ತ ನಿಲ್ಲತಕ್ಕ ಪರಿವಾರವನ್ನು, ಅಂದರೆ ತೋಳು, ಜಾಲರಿ, ತೊಟ್ಟಿಲು, ತಂತಿ, ಗವಸುಗಳನ್ನು, ಮೈಕಿಗಿಂತ ಮೊದಲೇ ಯೋಚಿಸಬೇಕಾಗಿತ್ತೆಂದು ಹೇಳಿದರೆ ಅವರಿಗೆ ರುಚಿಸಲಾರದೆಂದು ಮೊದಲು ಸುಮ್ಮನಿದ್ದೆ. ಆಗ ನುಂಗಿಕೊಂಡ ಮಾತನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮನೆಯಲ್ಲೇ ಕುಳಿತು ನಾಡಿನ ಕಿವಿಯನ್ನು ಮುಟ್ಟುವ ಈ ಸಾಹಸವು ನಮ್ಮ ಭಾಗಕ್ಕೆ ಹೊಸದೇನೂ ಅಲ್ಲ. ಮಂಡ್ಯದಿಂದ 45 ಕಿಲೋಮೀಟರಿನಷ್ಟು ದೂರದ ಮೈಸೂರಿನಲ್ಲಿ, ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ ‘ವಿಠ್ಠಲ ವಿಹಾರ’ವೆಂಬ ಮನೆಯಿಂದಲೇ, 30 ವಾಟ್ ಶಕ್ತಿಯ ಒಂದು ಪುಟ್ಟ ಪ್ರೇಷಕವನ್ನಿಟ್ಟುಕೊಂಡು, ಬಾನುಲಿ ಪ್ರಸಾರವನ್ನು ಆರಂಭಿಸಿದರು. ಸರ್ಕಾರವು ವಹಿಸಿಕೊಳ್ಳುವವರೆಗೆ ಸುಮಾರು 6 ವರ್ಷ ಅದು ಅವರ ಸ್ವಂತ ಹೊಣೆಯಲ್ಲೇ ನಡೆಯಿತು; ಅದಕ್ಕೆ ಇಟ್ಟಿದ್ದ ‘ಆಕಾಶವಾಣಿ’ ಎಂಬ ಹೆಸರೇ ಮುಂದೆ ಇಡೀ ದೇಶದ ಬಾನುಲಿಯ ಹೆಸರಾಯಿತು. 30 ವಾಟ್ ಎಂದರೆ ಈ ಹೊತ್ತು ನಮ್ಮ ಅಡಿಗೆಮನೆಯ ಒಂದೆರಡು ದೀಪಗಳ ಖರ್ಚು. ಮನೆಯ ಕೋಣೆಯನ್ನು ಬಾನುಲಿಯ ಕೋಣೆಯಾಗಿ ಮಾರ್ಪಡಿಸುವ ತೊಡಕನ್ನು ನಮ್ಮವರೊಬ್ಬರು 90 ವರ್ಷಗಳ ಹಿಂದೆಯೇ ಎದುರಿಸಿದ್ದರೆಂಬುದನ್ನು ನೆನೆದರೆ ಇಂದಿನ ಹುಡುಗರ ಉತ್ಸಾಹವು ಹುಚ್ಚಾಟವೆಂದು ಹೀಗಳೆಯಲು ಬಾಯಿ ಬರುವುದಿಲ್ಲ.

ಮಂಡ್ಯದ ಮನೆಯ ಕೋಣೆಯೇ ಮೊದಲು ನನ್ನ ಕಣ್ಣಿಗೆ, ಅಲ್ಲ, ಕಿವಿಗೆ ಬಿದ್ದ ದೋಷ. ಹೊಸದಾಗಿ ಕಟ್ಟಿಸಿದ ಮಹಡಿಯ ಮೇಲಿನ ಚೌಕಾಕಾರದ ಕೋಣೆ. ನೆಲಕ್ಕೆ ನುಣುಪಾದ ಟೈಲ್ಸು, ಗೋಡೆಗೆ ನುಣುಪಾದ ಬಣ್ಣ, ಒಂದು ಮೇಜು, ಎರಡು ಪ್ಲಾಸ್ಟಿಕ್ ಕುರ್ಚಿ. ಕಬ್ಬು, ಬೆಲ್ಲ, ನಾಲೆಯ ನೀರು, ಇವುಗಳನ್ನು ಕುರಿತು ರೈತರ ಮಾತಿನಲ್ಲೇ ಹರಟುವ ಇಬ್ಬರು ಗೆಳೆಯರ ಕಾರ್ಯಕ್ರಮವದು. ‘ಬಾವಿ ಒಳಗಿಂದ ಮಾತಾಡ್ದಂಗ್ ಕೇಳ್ತದೆ ಮೇಷ್ಟ್ರೇ, ಮೈಕ್ ಸರಿ ಇಲ್ಲ’ ಎಂದರು. ಮೈಕು ಸರಿಯಾಗಿಯೇ ಇತ್ತು. ಅವರು ಕುಳಿತಿದ್ದುದೇ ಬಾವಿಯಲ್ಲಿ. ಕಂಡೆನ್ಸರ್ ಜಾತಿಯ ಆ ಮೈಕು ಬಹು ಸೂಕ್ಷ್ಮವಾದುದರಿಂದ ಅದು ಅವರ ಮಾತಿನ ಜೊತೆಗೆ ನಾಲ್ಕು ಗೋಡೆಗಳು ಮರುನುಡಿಯುತ್ತಿದ್ದುದನ್ನೂ ಪ್ರಾಮಾಣಿಕವಾಗಿ ಬರೆದುಕೊಳ್ಳುತ್ತಿತ್ತು. ಗೋಡೆಗೆ ಮೊಟ್ಟೆಯ ಟ್ರೇಗಳನ್ನು ಅಂಟಿಸಿದರೆ ಸರಿಹೋದೀತೆಂದು ಯಾರೋ ಹೇಳಿದ್ದರಂತೆ. ಅದರಿಂದ ಕೋಣೆಯು ಕೋಳಿಫಾರಮ್ಮಿನಂತೆ ಕಾಣುವುದರ ಹೊರತು ಹೆಚ್ಚಿನ ಪ್ರಯೋಜನವಿಲ್ಲ.

ಇಲ್ಲಿ ಸ್ವಲ್ಪ ಶಾಸ್ತ್ರವನ್ನು ಹೇಳಲೇಬೇಕಾಗಿದೆ. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರು ಓಡುತ್ತದೆ. ಸೆಕೆಂಡಿಗೆ 100 ಸಲ ಕಂಪಿಸುವ ಗಂಡಸಿನ ತಗ್ಗುದನಿಯ ಅಲೆಯ ಉದ್ದವು 3.4 ಮೀಟರು, 1000 ಸಲ ಕಂಪಿಸುವ ಸ್ವರದ್ದು 34 ಸೆಂಟಿಮೀಟರು. ಗೋಡೆಗೆ ತೀರ ಅಂಟಿಕೊಂಡ ಜಾಗದಲ್ಲಿ ಗಾಳಿಯ ಕಣಗಳ ಚಲನೆಯೇ ಇಲ್ಲವಾದುದರಿಂದ ಅಲ್ಲಿ ಬಟ್ಟೆಯನ್ನೋ ಸ್ಪಂಜನ್ನೋ ಮೆತ್ತಿದರೆ ಅದಕ್ಕೆ ತಡೆಯುವ ಕೆಲಸವೇ ಸಿಕ್ಕುವುದಿಲ್ಲ. ಅಲೆಯುದ್ದದ ಕಾಲುಭಾಗದಷ್ಟು ಈಚೆಗೆ ತಂದಾಗ ಅದು ಅತ್ಯಂತ ಸಮರ್ಥವಾಗುತ್ತದೆ. ಎರಡು ಅಂಗುಲದ ಸ್ಪಂಜಿನ ಹಲಗೆಯು ಸಕಾರ ಶಕಾರಗಳ ಕಿಚಕಿಚ ಪ್ರತಿಧ್ವನಿಯನ್ನು ನುಂಗಬಲ್ಲದೇ ಹೊರತು ಎದೆಯಾಳದ ಗುಡುಗನ್ನು ಮುಟ್ಟಲಾರದು. ಮನೆಯಲ್ಲಿದ್ದ ಎರಡು ದಪ್ಪ ಕಂಬಳಿಗಳನ್ನು ತರಿಸಿ, ಗೋಡೆಗೆ ಅಂಟಿಸದೆ, ಒಂದು ಗೇಣಿನಷ್ಟು ಈಚೆಗೆ ಹಗ್ಗದ ಮೇಲೆ ಇಳಿಬಿಟ್ಟು, ನೆಲಕ್ಕೆ ಜಮಖಾನವನ್ನು ಹಾಸಿ, ಬಟ್ಟೆ ತುಂಬಿದ ಬೀರುವಿನ ಬಾಗಿಲನ್ನು ತೆರೆದಿಟ್ಟು, ಅದರ ಕಡೆಗೇ ಮುಖಮಾಡಿ ಮಾತನಾಡಿಸಿದೆ. ಬಾವಿಯು ಮುಕ್ಕಾಲು ಪಾಲು ಹೂತುಹೋಯಿತು.

ಉಳಿದ ಕಾಲುಪಾಲನ್ನು ಹೂಳಲು ಒಂದು ಕಾಸೂ ಬೇಕಾಗಿರಲಿಲ್ಲ. ಆ ಹುಡುಗರು ಮೈಕನ್ನು ಒಂದು ಮೊಳ ದೂರದಲ್ಲಿ, ದೇವರ ಮುಂದಿನ ದೀಪದಂತೆ, ಗೌರವದಿಂದ ಇಟ್ಟಿದ್ದರು. ಬಾಯಿಗೂ ಮೈಕಿಗೂ ನಡುವಣ ದೂರವನ್ನು ಅರ್ಧಕ್ಕಿಳಿಸಿದರೆ ನೇರವಾಗಿ ಬರುವ ಧ್ವನಿಯು 6 ಡೆಸಿಬೆಲ್ ಏರುತ್ತದೆ. ಕೋಣೆಯ ಮಾರ್ದನಿಯೋ ಇದ್ದಷ್ಟೇ ಇರುತ್ತದೆ. ನಮ್ಮ ಹಳೆಯ ಅಳತೆಯಲ್ಲಿ ಹೆಬ್ಬೆರಳಿನಿಂದ ತೋರುಬೆರಳಿನ ತುದಿಯವರೆಗಿನ ‘ಚೋಟು’ ಎಂಬುದಿದೆಯಲ್ಲ, ಅದೇ ಸರಿಯಾದ ದೂರ. ಅದಕ್ಕಿಂತಲೂ ಸಮೀಪಿಸಿದರೆ ಕೆಳಸ್ವರಗಳು ಅಸ್ವಾಭಾವಿಕವಾಗಿ ಉಬ್ಬಿ, ಸಾಮಾನ್ಯ ಮನುಷ್ಯನೂ ಪೌರಾಣಿಕ ನಾಟಕದ ಭೀಮಸೇನನಂತೆ ಕೇಳಿಸತೊಡಗುತ್ತಾನೆ. ಕೆಲವರಿಗೆ ಅದೇ ಇಷ್ಟ.

ಆದರೆ ಚೋಟುದ್ದಕ್ಕೆ ಬಂದೊಡನೆ ಉಸಿರಿನ ಹೊಡೆತವು ತಲೆಯೆತ್ತುತ್ತದೆ. ಆಗ ಪಾಪ್ ಫಿಲ್ಟರೆಂಬ ಜಾಲರಿ ಬೇಕಾಗುತ್ತದೆ. ಈ ವಿಷಯದಲ್ಲಿ ಕನ್ನಡಿಗರು ಗಮನಿಸತಕ್ಕ ಸ್ವಾರಸ್ಯವೊಂದಿದೆ. ಇಂಗ್ಲಿಷಿನವರು ಪದದ ಮೊದಲಲ್ಲಿ ಬರುವ ಪಕಾರವನ್ನು ಉಸಿರುಗೂಡಿಸಿಯೇ ನುಡಿಯುತ್ತಾರೆ. ಅವರ ದೇಶಗಳಲ್ಲಿ ಈ ಜಾಲರಿಯಿಲ್ಲದೆ ಬಾಯಿ ತೆರೆಯುವಂತಿಲ್ಲ. ನಮ್ಮ ಪಕಾರವು ಅಲ್ಪಪ್ರಾಣ. ಉರಿಯುವ ಮೇಣದಬತ್ತಿಯನ್ನು ತುಟಿಯ ಮುಂದೆ ಹಿಡಿದು ‘ಪಾಪ’ ಎಂದರೆ ಜ್ವಾಲೆಯು ತುಸು ತಲೆಯಾಡಿಸೀತು. ‘ಫಲ’ ಎಂದು ಶಾಸ್ತ್ರೋಕ್ತವಾಗಿ ನುಡಿದರೆ ಬಾಗಿ ಆರಿದರೂ ಆರೀತು. ಪ್ರಾಣವೆಂದರೆ ಉಸಿರು, ಅಕ್ಷರಗಳನ್ನು ಉಸಿರಿನ ಪ್ರಮಾಣದಿಂದಲೇ ವಿಂಗಡಿಸಿಟ್ಟ ನಮ್ಮ ವೈಯಾಕರಣರು ಪಾಪ್ ಫಿಲ್ಟರನ್ನು ಕಂಡಿದ್ದರೆ ಅದಕ್ಕೆ ‘ಮಹಾಪ್ರಾಣ ನಿವಾರಿಣಿ’ ಎಂದು ಹೆಸರಿಟ್ಟು ಮುಂದೆ ನಡೆಯುತ್ತಿದ್ದರು. ಅದರಲ್ಲಿಯೂ ಮಂಡ್ಯದ ಆಡುಮಾತು ಈ ವಿಷಯದಲ್ಲಿ ಪರಮ ಸಾಧು: ಭೂಮಿಯು ಬೂಮಿಯಾಗುತ್ತದೆ, ಹಸುವು ಅಸುವಾಗುತ್ತದೆ, ಹಾಲು ಆಲಾಗುತ್ತದೆ, ಮೈಕಿಗೆ ಗಾಳಿಯೇ ಸೋಕುವುದಿಲ್ಲ. ಕಷ್ಟವು ಹುಟ್ಟಿಕೊಳ್ಳುವುದು, ಮನೆಯಲ್ಲಿ ಸೊಗಸಾಗಿ ಮಾತನಾಡುವ ಈ ಹುಡುಗರು ಮೈಕಿನ ಕೆಂಪು ದೀಪ ಹೊತ್ತಿಕೊಂಡೊಡನೆ ‘ಶುದ್ಧ’ ಕನ್ನಡಕ್ಕೆ ತಿರುಗಿ, ಇರುವ ಮಹಾಪ್ರಾಣಗಳನ್ನು ಇಮ್ಮಡಿಸಿ, ಇಲ್ಲದ ಕಡೆಗೂ ಒಂದೊಂದು ಹಕಾರವನ್ನು ದಯಪಾಲಿಸಿ, ಅಕ್ಕಿಯನ್ನು ಹಕ್ಕಿಯನ್ನಾಗಿ ಹಾರಿಸಿಬಿಡುವಾಗ. ನಿಮ್ಮ ಮಾತಿನಲ್ಲೇ ಆಡಿ ಎಂದು ನಾನು ಹೇಳಿದುದಕ್ಕೆ ಭಾಷಾಭಿಮಾನ ಒಂದು ಕಾರಣ, ಧ್ವನಿಶಾಸ್ತ್ರ ಇನ್ನೊಂದು ಕಾರಣ.

ಜಾಲರಿಯನ್ನು ಕೊಳ್ಳುವಾಗ ಬಟ್ಟೆಯದೋ ಲೋಹದ್ದೋ ಎಂದು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಕಸೂತಿ ಹಾಕುವ ಮರದ ಬಳೆಗೆ ನೈಲಾನ್ ಕಾಲುಚೀಲದ ಬಟ್ಟೆಯನ್ನು ಬಿಗಿದುಕೊಂಡರೂ ಅದೇ ಕೆಲಸವಾಗುತ್ತದೆ. ಮೈಕಿಗೆ ಅಂಟಿಸದೆ ನಾಲ್ಕು ಬೆರಳಗಲ ಈಚೆಗೆ ನಿಲ್ಲಿಸಬೇಕೆಂಬುದು ಮಾತ್ರ ಮುಖ್ಯ. ಮೈಕಿನ ತಲೆಗೆ ತೊಡಿಸುವ ಸ್ಪಂಜಿನ ಟೋಪಿಯು ಬೇಸಗೆಯಲ್ಲಿ ಫ್ಯಾನು ನಿಲ್ಲಿಸಲಾಗದ ಮನೆಗಳಿಗೆ ಒಳ್ಳೆಯದು. ಸಕಾರದ ಸಿಳ್ಳಿಗೆ ಇವೆರಡೂ ಮದ್ದಲ್ಲ. ಬಾಯಿಗೆ ನೇರವಾಗಿರುವ ಮೈಕನ್ನು ಕೆನ್ನೆಯ ಕಡೆಗೆ ತುಸು ಓರೆ ಮಾಡಿದರೆ ಅದು ತಾನಾಗಿ ಮೆತ್ತಗಾಗುತ್ತದೆ.

ಮದ್ದೂರಿನ ಮನೆಯ ರೋಗವೇ ಬೇರೆ. ಆ ಗೃಹಸ್ಥರು 1938ರ ಶಿವಪುರದ ಧ್ವಜ ಸತ್ಯಾಗ್ರಹದ ಕಥೆಯನ್ನು ಕಂತುಕಂತಾಗಿ ಹೇಳಬೇಕೆಂದು ಹೊರಟವರು. ಮನೆಯೋ ರೈಲುಹಾದಿಗೆ ಸಮೀಪ. ಬೆಂಗಳೂರು ಮೈಸೂರುಗಳ ನಡುವಣ ಗಾಡಿಯೊಂದು ಕಾಲುಗಂಟೆಗೋ ಅರ್ಧಗಂಟೆಗೋ ಹಾದುಹೋಗುತ್ತದೆ, ಕಬ್ಬು ಹೇರಿದ ಟ್ರ್ಯಾಕ್ಟರುಗಳು ಬೀದಿಯಲ್ಲಿ ಗುಡುಗುತ್ತವೆ. ಗಾಡಿಯಲ್ಲಿ ವಡೆ ಮಾರುವವರು ಯಾವ ಯಂತ್ರದ ನೆರವೂ ಇಲ್ಲದೆ ಹತ್ತು ಬೋಗಿಗೆ ಕೇಳಿಸುವಂತೆ ಕೂಗುವ ಊರಿನಲ್ಲಿ ಒಬ್ಬ ಮನುಷ್ಯ ಪಿಸುಮಾತನ್ನು ಮುದ್ರಿಸಹೊರಟದ್ದು ನನಗೆ ನಗು ತರಿಸಿತು. ಅವರಲ್ಲಿದ್ದುದು ಡೈನಮಿಕ್ ಮೈಕು: ಕಾಂತದ ನಡುವೆ ತಂತಿಯ ಸುರುಳಿಯೊಂದು ಅಲುಗಾಡಿ ವಿದ್ಯುತ್ತನ್ನು ಹುಟ್ಟಿಸುವ, ದೂರದ ಸದ್ದಿಗೆ ಅಷ್ಟಾಗಿ ಕಿವಿಗೊಡದ ಜಾತಿ. ಅದರ ಗ್ರಹಣಕ್ಷೇತ್ರವು ಹೃದಯಾಕಾರವಾಗಿದ್ದು, ಬೆನ್ನಿನ ಕಡೆಯಿಂದ ಬರುವ ಶಬ್ದವನ್ನು ಬಹುಮಟ್ಟಿಗೆ ತಿರಸ್ಕರಿಸುತ್ತದೆ. ಅವರು ಕಿಟಕಿಗೆ ಬೆನ್ನು ತಿರುಗಿಸಿ ಕುಳಿತಿದ್ದರಾಗಿ ಮೈಕು ಕಿಟಕಿಯನ್ನೇ ನೋಡುತ್ತಿತ್ತು. ಮೇಜನ್ನು ತಿರುಗಿಸಿದೆವು, ರೈಲು ಮಾಯವಾಗಲಿಲ್ಲ, ಮುಂದಿನ ನಿಲ್ದಾಣಕ್ಕೆ ಸರಿದಂತಾಯಿತು.

ಆದರೂ ಟ್ರ್ಯಾಕ್ಟರಿನ ನಡುಕವು ನೆಲದಿಂದ ಮೇಜಿಗೆ, ಮೇಜಿನಿಂದ ಸ್ಟ್ಯಾಂಡಿಗೆ ಹತ್ತಿ ಬರುತ್ತಿತ್ತು. ಗಾಳಿಯ ಮೂಲಕ ಬರುವ ಸದ್ದಿಗೂ ಘನವಸ್ತುವಿನ ಮೂಲಕ ಬರುವ ಸದ್ದಿಗೂ ಭೇದವನ್ನು ಅರಿಯದಿದ್ದರೆ ಈ ಪರಿಕರಗಳ ಆಯ್ಕೆಯು ಕುರುಡರ ಸಂತೆಯಾಗುತ್ತದೆ. ರಬ್ಬರಿನ ಎಳೆಗಳಲ್ಲಿ ಮೈಕನ್ನು ತೂಗುವ ಶಾಕ್ ಮೌಂಟ್ ಎಂಬ ತೊಟ್ಟಿಲು ಎರಡನೆಯದಕ್ಕೆ ಮದ್ದು, ಮೊದಲನೆಯದಕ್ಕೆ ಏನೂ ಅಲ್ಲ. ಮೇಜಿಗೆ ಅಥವಾ ಗೋಡೆಗೆ ಬಿಗಿಯುವ ಬೂಮ್ ಆರ್ಮ್ ಎಂಬ ತೋಳನ್ನು ಕೊಳ್ಳುವಾಗ ಎರಡು ಸಂಗತಿಗಳನ್ನು ನೋಡಬೇಕು. ಮೊದಲನೆಯದು ಭಾರ: ಪ್ರಸಿದ್ಧವಾದ ಶೂರ್ ಎಸ್‌ಎಂ7ಬಿಯಂಥ ಮೈಕು ಮುಕ್ಕಾಲು ಕಿಲೋವನ್ನು ದಾಟುತ್ತದೆ, ಅಗ್ಗದ ತೋಳು ಅದನ್ನು ಹೊತ್ತು ಐದು ನಿಮಿಷಕ್ಕೆಲ್ಲ ತೂಕಡಿಸುವವನ ತಲೆಯಂತೆ ಕೆಳಕ್ಕೆ ಜೋಲುತ್ತದೆ. ಎರಡನೆಯದು ತಿರುಪಿನ ಅಳತೆ. ಅಮೆರಿಕದ ಪದ್ಧತಿಯ ತಿರುಪು ಅಂಗುಲದ 5/8 ಭಾಗ, ಯೂರೋಪಿನದು 3/8 ಭಾಗ. ಎರಡೂ ನಮ್ಮ ಮಾರುಕಟ್ಟೆಯಲ್ಲಿವೆ. ಬೆಂಗಳೂರಿನ ಒಂದು ಅಂಗಡಿಯಲ್ಲಿ ‘ಎಲ್ಲಕ್ಕೂ ಕೂರುತ್ತೆ’ ಎಂಬ ಆಶ್ವಾಸನೆಯನ್ನು ನಂಬಿ ನಾನೇ ಒಂದು ತೋಳನ್ನು ತಂದು, ಮನೆಗೆ ಬಂದಮೇಲೆ ಅದು ಯಾವುದಕ್ಕೂ ಕೂರದೆ, ಬೆರಳುಗುರಿನಷ್ಟು ಚಿಕ್ಕದಾದ ಹಿತ್ತಾಳೆಯ ಅಡಾಪ್ಟರೊಂದಕ್ಕಾಗಿ ಮತ್ತೆ ನೂರು ಕಿಲೋಮೀಟರು ಪ್ರಯಾಣ ಮಾಡಿದವನು. ಆ ಹಿತ್ತಾಳೆಯ ಚೂರನ್ನು ಎರಡು ಹೆಚ್ಚಾಗಿಯೇ ತಂದಿಟ್ಟುಕೊಳ್ಳಿರಿ.

ಇನ್ನು ವಿದ್ಯುತ್ತಿನ ಗುಂಯ್‌ಕಾರ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ 1902ರಲ್ಲೇ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. ಶತಮಾನವೊಂದು ಕಳೆದಮೇಲೆಯೂ ಆ ಸೀಮೆಯ ಮನೆಗಳಲ್ಲಿ ಅರ್ಥಿಂಗ್ ಎಂಬುದು ಗುತ್ತಿಗೆದಾರನ ಮರ್ಜಿಗೆ ಬಿಟ್ಟ ವಿಷಯವಾಗಿದೆ. ಸೆಕೆಂಡಿಗೆ 100 ಸಲ ದಿಕ್ಕು ಬದಲಿಸುವ ನಮ್ಮ ವಿದ್ಯುತ್ತು ಮೈಕಿನ ತಂತಿಗೆ ಸೋಂಕಿದರೆ ಜೇನುಹುಟ್ಟಿನಂಥ ಸದ್ದು ಕೇಳುತ್ತದೆ. ಮೂರು ಮುಳ್ಳಿನ ಎಕ್ಸ್‌ಎಲ್‌ಆರ್ ತಂತಿಯೊಳಗೆ ಒಂದೇ ಧ್ವನಿಯು ಎರಡು ಎಳೆಗಳಲ್ಲಿ ಪರಸ್ಪರ ವಿರುದ್ಧವಾಗಿ ಹರಿಯುತ್ತದೆ. ದಾರಿಯಲ್ಲಿ ಹೊರಗಿನಿಂದ ಸೇರಿದ ಗುಂಯ್‌ಕಾರವು ಎರಡರಲ್ಲೂ ಸಮನಾಗಿದ್ದು, ಕೊನೆಯಲ್ಲಿ ಒಂದರಿಂದೊಂದನ್ನು ಕಳೆದಾಗ ಅಳಿಸಿಹೋಗುತ್ತದೆ. ಸಾಧಾರಣ ತಂತಿಯೇ ಸಾಕು. ಚಿನ್ನದ ಲೇಪದ ಮುಳ್ಳಿಗೆ ಹಣ ಸುರಿಯುವುದು ವ್ಯರ್ಥ. ಲ್ಯಾಪ್‌ಟಾಪಿನ ಚಾರ್ಜರನ್ನು ಕಿತ್ತೊಡನೆ ಗುಂಯ್‌ಕಾರ ನಿಂತಿತೆಂದರೆ ದೋಷವು ಮನೆಯ ಅರ್ಥಿನಲ್ಲಿರುವ ಸಂಭವವೇ ಹೆಚ್ಚು. ಆಗ ಪ್ಲಗ್ಗಿನ ಮೂರನೆಯ ಕಡ್ಡಿಯನ್ನು ಮುರಿದುಹಾಕುವ ಜಾಣತನವನ್ನು ದಯವಿಟ್ಟು ಮಾಡಬೇಡಿ; ಜೀವಕ್ಕೇ ಎರವಾದೀತು. ಎಲೆಕ್ಟ್ರಿಷಿಯನ್ನನ್ನು ಕರೆಸಿ, ಇದ್ದಿಲು ಉಪ್ಪು ಹಾಕಿದ ಒಂದು ಅರ್ಥಿಂಗ್ ಗುಂಡಿಯನ್ನು ತೆಗೆಸುವುದು ಈ ಪರಿವಾರದಲ್ಲೆಲ್ಲ ಅತ್ಯಂತ ಉಪಯುಕ್ತವಾದ ಖರ್ಚು. ಮಳವಳ್ಳಿಯ ಮನೆಯಲ್ಲಿ ನಾವು ಮೊದಲು ಮಾಡಿಸಿದ್ದು ಅದನ್ನೇ.

ಆ ಮನೆಯ ಹುಡುಗಿ ಸ್ನಾತಕೋತ್ತರ ವಿದ್ಯಾರ್ಥಿನಿ. ಮಂಟೇಸ್ವಾಮಿಯ ಕಥೆಯನ್ನು ಹಾಡುವ ನೀಲಗಾರರ ಮಾತು ಹಾಡುಗಳನ್ನು ಕಂತುಗಳಾಗಿ ಕೇಳಿಸಬೇಕೆಂಬುದು ಅವಳ ಸಂಕಲ್ಪ. ಈ ದಾರಿಯಲ್ಲಿ ಹಿರಿಯರು ನಡೆದಿದ್ದಾರೆ: ನಾಗಮಂಗಲ ತಾಲ್ಲೂಕಿನ ಎಚ್. ಎಲ್. ನಾಗೇಗೌಡರು ಟೇಪ್ ರೆಕಾರ್ಡರಿನೊಡನೆ ಹಳ್ಳಿ ತಿರುಗಿ ಜನಪದ ಹಾಡುಗಳನ್ನು ಮುದ್ರಿಸಿದರು, ರಾಮನಗರದ ಬಳಿ ಜಾನಪದ ಲೋಕವನ್ನು ಕಟ್ಟಿದರು, ಜೀ. ಶಂ. ಪರಮಶಿವಯ್ಯನವರು ಈ ಕಾವ್ಯಪರಂಪರೆಗಳನ್ನು ಸಂಗ್ರಹಿಸಿ ವಿವೇಚಿಸಿದರು. ಹುಡುಗಿಯ ಬಳಿ ಇದ್ದುದು ಒಂದು ಯುಎಸ್‌ಬಿ ಮೈಕು, ಒಂದು ಲ್ಯಾಪ್‌ಟಾಪು, ಮತ್ತು ಸದ್ದನ್ನು ಶುದ್ಧಗೊಳಿಸುವ ಸಾಫ್ಟ್‌ವೇರಿನ ಮೇಲೆ ಅಪಾರವಾದ ನಂಬಿಕೆ.

ಆ ನಂಬಿಕೆಯನ್ನು ತಂಬೂರಿಯೇ ಮುರಿಯಿತು. ಜಗಲಿಯ ಮೇಲೆ ಕುಳಿತ ವೃದ್ಧ ಕಥೆಗಾರರು ಒಂದು ಕೈಯಲ್ಲಿ ತಂಬೂರಿಯನ್ನು ಮೀಟುತ್ತ, ಮತ್ತೊಂದು ಕೈಯಲ್ಲಿ ಗಗ್ಗರವನ್ನು ಅಲುಗಿಸುತ್ತ ಒಂದು ಗಂಟೆ ಹಾಡಿದರು. ಅಂದು ತೆಂಗಿನ ಗರಿಗಳ ಮೇಲೆ ಗಾಳಿ ಬೀಸುತ್ತಿತ್ತು. ದೂರದ ಆಲೆಮನೆಯ ಎಂಜಿನ್ನು ಬಡಿದುಕೊಳ್ಳುತ್ತಿತ್ತು. ಮನೆಗೆ ಬಂದು ಆಕೆ ‘ನಾಯ್ಸ್’ ತೆಗೆಯುವ ಗುಂಡಿಯನ್ನು ಒತ್ತಿದಳು. ಒಂದೇ ಸಮನೆ ಎಡೆಬಿಡದೆ ಇರುವ ಸದ್ದನ್ನೆಲ್ಲ ಕಸವೆಂದು ಭಾವಿಸಿ ಗುಡಿಸುವುದೇ ಆ ಸಾಫ್ಟ್‌ವೇರಿನ ಧರ್ಮ; ಎಂಜಿನ್ನಿನ ಜೊತೆಗೆ ತಂಬೂರಿಯ ಶ್ರುತಿಯೂ ಗುಡಿಸಿಹೋಯಿತು. ಕಥೆಗಾರರ ಧ್ವನಿಯು ಕೆರೆಯ ನೀರೆಲ್ಲ ಬತ್ತಿದಮೇಲೆ ಉಳಿದ ಮೀನಿನಂತೆ ವಿಲಿವಿಲಿ ಒದ್ದಾಡುತ್ತಿತ್ತು. ‘ಸುಟ್ಟೋಗ್ಲಿ ಇದು’ ಎಂದು ಅವಳೇ ಅಂದಳು.

ಆ ದಿನದಿಂದ ಆಕೆಯ ಖರೀದಿಯ ಪಟ್ಟಿಯು ಬದಲಾಯಿತು. ಮುದ್ರಣದ ಕ್ಷಣದಲ್ಲಿ ಒಳಗೆ ಬಿಡದಿದ್ದರೆ ಮಾತ್ರ ಗದ್ದಲವನ್ನು ದೂರವಿಡಬಹುದು. ಒಳಗೆ ಬಂದಮೇಲೆ ಅದನ್ನು ಕಳಿಸುವಾಗ ಮನೆಯವರೂ ಕೂಡ ಹೊರಟುಹೋಗುತ್ತಾರೆ. ಗಾಳಿಗಾಗಿ ಮೈಕಿನ ತಲೆಗೆ ಕೂದಲುಳ್ಳ ಗವಸನ್ನು ತರಿಸಿದಳು. ಬಯಲಿನ ಗಾಳಿಗೆ ಸ್ಪಂಜಿನ ಟೋಪಿ ಸಾಲದು, ನಾಯಿಮರಿಯ ಮೈಯಂತಿರುವ ಈ ಗವಸಿನ ಎಳೆಗಳ ನಡುವೆ ಸಿಕ್ಕಿದ ಗಾಳಿಯು ವೇಗವನ್ನು ಕಳೆದುಕೊಂಡು ಸಾಯುತ್ತದೆ. ಕಿವಿಯನ್ನು ಪೂರ್ಣವಾಗಿ ಮುಚ್ಚುವ ಹೆಡ್‌ಫೋನನ್ನು ತೊಟ್ಟು, ಮುದ್ರಣಕ್ಕೆ ಮೊದಲೇ, ಹಾಡುವವರು ಹಾಡುತ್ತಿರುವಾಗಲೇ, ಮೈಕನ್ನು ಅಂಗುಲಂಗುಲವಾಗಿ ಸರಿಸಿ ಕೇಳುವುದನ್ನು ಕಲಿತಳು. ಗಗ್ಗರದ ಕಂಚಿನ ಕಿಣಿಕಿಣಿ ಸದ್ದು ಮಾತನ್ನು ಮೀರಿಬಿಡುತ್ತದೆಂದು ಅವಳಿಗೆ ಗೊತ್ತಾದದ್ದು ಹೀಗೆ. ಆ ಮೇಲೆ ಮೈಕನ್ನು ಗಗ್ಗರದ ಕೈಗೆ ಎದುರು ಬದಿಯಲ್ಲಿ, ಬಾಯಿಗಿಂತ ತುಸು ಮೇಲಕ್ಕೆ, ಕೆಳಮುಖವಾಗಿ ತೂಗಿದಳು. ಧ್ವನಿಯ ಮಟ್ಟವನ್ನು ಸೊನ್ನೆಗಿಂತ 12 ಡೆಸಿಬೆಲ್ ಕೆಳಗೇ ನಿಲ್ಲಿಸಿ, ಕಥೆಗಾರರು ಆವೇಶದಲ್ಲಿ ಸ್ವರವೇರಿಸಿದಾಗ ಒಡೆಯದಂತೆ ನೋಡಿಕೊಂಡಳು. ಮಳೆಗಾಲದಲ್ಲಿ ತೇವ ತಗುಲದಂತೆ ಮೈಕನ್ನು ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಟ್ಟಳು; ಆ ಡಬ್ಬಿಯು ಹಿಂದೆ ಚಕ್ಕುಲಿಯದು.

ಈಗ ಅವಳ ಹೊಸ ಕಂತನ್ನು ಕೇಳಿದಾಗ ತಂಬೂರಿಯ ಶ್ರುತಿ ಕೇಳುತ್ತದೆ, ಅದರ ಹಿಂದೆ ತೆಳುವಾಗಿ ಆಲೆಮನೆಯ ಎಂಜಿನ್ನೂ ಕೇಳುತ್ತದೆ. ತೆಗೆದುಹಾಕುವಂತೆ ನಾನು ಹೇಳಲಿಲ್ಲ. ಕಬ್ಬಿನ ಕಾಲದಲ್ಲಿ ಮುದ್ರಿಸಿದ್ದೆಂಬುದಕ್ಕೆ ಅದೇ ಸಾಕ್ಷಿ. ಮೊದಲು ಕೊಂಡ ಮೈಕನ್ನು ಅವಳು ಬದಲಿಸಿಲ್ಲ. ಮಂಡ್ಯದವರಂತೆ ಅವಳೂ ತನ್ನ ಕೋಣೆಯಲ್ಲಿ ಹಗ್ಗದ ಮೇಲೆ ಇಳಿಬಿಟ್ಟಿದ್ದ ಎರಡು ಕಂಬಳಿಗಳನ್ನು ಮಾತ್ರ, ಮಾಗಿಯ ಚಳಿ ಹಿಡಿದಾಗ ಅಜ್ಜಿ ತನ್ನವೆಂದು ಹಿಂದಕ್ಕೆ ಪಡೆದುದರಿಂದ, ಸಂತೆಯಲ್ಲಿ ಹೊಸದಾಗಿ ಕೊಳ್ಳಬೇಕಾಯಿತು.